ಮುಚ್ಚು ಅಂದರೆ ಮುಚ್ಚಬೇಕು ತಾನೇ?

ಆ ಹುಡುಗ ನಕ್ಕಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ನಕ್ಕಿದ್ದರೆ ಬೈದು ಕಳಿಸಬಹುದಿತ್ತು. ಅವನು ನಗಲೇ ಇಲ್ಲ. "ಅಂಕಲ್, ಒಂದ್ನಿಮಿಷ ಏಳ್ತೀರಾ" ಅಂದ. ನಾನು ಎದ್ದೆ. ಈ ಕಂಪ್ಯೂಟರ್ ಅಂಗಡಿ ನನ್ನದು, ಕುರ್ಚಿ ನನ್ನದು, ಬಾಡಿಗೆ ಕಟ್ಟುವವನು ನಾನು. ಆದರೂ ಎದ್ದು ಜಾಗ ಬಿಟ್ಟೆ, ಶಾಲೆಯಲ್ಲಿ ಉತ್ತರ ಗೊತ್ತಿಲ್ಲದವನು ನಿಲ್ಲುವ ಹಾಗೆ ಗೋಡೆಗೆ ಒರಗಿ ನಿಂತೆ.

ಈಗ ರಾತ್ರಿ ಒಂದೂವರೆ. ಇದನ್ನು ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಬರೆದರೆ ಏನು ಬಂತು ಅಂತ ನನಗೂ ಅನಿಸುತ್ತಿದೆ. ಆದರೆ ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಅರ್ಜಿ ಹಾಕಿಸಲು ಬಂದಿದ್ದ ಒಬ್ಬ ಅಜ್ಜಿಯ ಓಟಿಪಿ ಬಂದಿತ್ತು. ಆದಾಯ ಪ್ರಮಾಣಪತ್ರಕ್ಕೆ. ಓಟಿಪಿ ಬರುವುದು ಅಜ್ಜಿಗಲ್ಲ, ಬೆಂಗಳೂರಿನಲ್ಲಿರುವ ಮಗನ ಫೋನಿಗೆ. ಅವನು ಶಿಫ್ಟಿನ ಮಧ್ಯೆ ಹೊರಗೆ ಬಂದು ಆರು ಅಂಕಿ ಹೇಳಬೇಕು, ಅಜ್ಜಿ ಅದನ್ನು ಕೇಳಿ ನನಗೆ ಹೇಳಬೇಕು. ಅಜ್ಜಿ "ನಾಕು... ಒಂದು..." ಅನ್ನುವಷ್ಟರಲ್ಲಿ ಬ್ರೌಸರಿನ ಪರದೆ ಬೆಳ್ಳಗಾಯಿತು. ಗೊತ್ತಲ್ವಾ, ಹಾಲು ಚೆಲ್ಲಿದ ಹಾಗೆ ಒಂದು ಮಸುಕು ಬರುತ್ತದೆ. ಮೇಲೆ 'ಪ್ರತಿಕ್ರಿಯಿಸುತ್ತಿಲ್ಲ' ಅಂತ. ನಾನು ಕಾದೆ. ಅಜ್ಜಿ ಮತ್ತೆ "ನಾಕು... ಒಂದು..." ಅಂದರು. ಆ ಕಡೆಯಿಂದ ಮಗ "ಆಯ್ತಾ, ಆಯ್ತಾ" ಅಂತ ಕೂಗುವುದು ಅಂಗಡಿಗೆಲ್ಲ ಕೇಳುತ್ತಿತ್ತು.

ಮೂಲೆಯ ಗುಣಿಸು ಗುರುತು ಒತ್ತಿದೆ. ಕಿಟಕಿ ಮಾಯ. ಸರಿ, ಮುಚ್ಚಿತು ಅಂದುಕೊಂಡೆ. ಐಕಾನ್ ಮೇಲೆ ಎರಡು ಸಲ ಒತ್ತಿದೆ. ಉಂಗುರ ಸುತ್ತಿ ನಿಂತಿತು. ಮತ್ತೆ ಒತ್ತಿದೆ. ಆಗ ಒಂದು ಪೆಟ್ಟಿಗೆ ಬಂತು. ಬ್ರೌಸರ್ ಈಗಾಗಲೇ ಓಡುತ್ತಿದೆಯಂತೆ, ಆದರೆ ಮಾತಾಡುತ್ತಿಲ್ಲವಂತೆ, ಹೊಸದು ಬೇಕಿದ್ದರೆ ಹಳೆಯದನ್ನು ಮುಚ್ಚಬೇಕಂತೆ.

ಎಲ್ಲಿದೆ ಹಳೆಯದು? ತೋರಿಸಿ, ಮುಚ್ಚುತ್ತೇನೆ. ಪರದೆ ಮೇಲೆ ಇರುವುದು ವಾಲ್‌ಪೇಪರಿನ ತಿಮ್ಮಪ್ಪ ಒಬ್ಬನೇ. ತಿಮ್ಮಪ್ಪನನ್ನು ಮುಚ್ಚಲಾ?

ಸಿಸ್ಟಮ್ ರೀಸ್ಟಾರ್ಟ್ ಮಾಡಿದೆ. ನನ್ನ ಸಿಸ್ಟಮ್ ಮಲಗಿ ಏಳುವುದಕ್ಕೆ ಒಂಬತ್ತು ನಿಮಿಷ ಬೇಕು. 4 ಜಿಬಿ ರ‍್ಯಾಮ್, ತಿರುಗುವ ಹಳೇ ಹಾರ್ಡ್ ಡಿಸ್ಕ್. ಹೌದು, ಎಸ್‌ಎಸ್‌ಡಿ ಹಾಕಿಸಬೇಕಿತ್ತು, ಗೊತ್ತು, ಯಾರೂ ಹೇಳಬೇಡಿ. ಒಂಬತ್ತು ನಿಮಿಷ ಒಂಬತ್ತು ಜನ ಬೆಂಚಿನ ಮೇಲೆ ಕೂತು ನನ್ನ ಬೆನ್ನು ನೋಡಿದರು. ಅದರಲ್ಲಿ ಇಬ್ಬರದು ಸ್ಕಾಲರ್‌ಶಿಪ್ ಅರ್ಜಿ, ಇವತ್ತೇ ಕೊನೆ ದಿನ. ಎದ್ದ ಮೇಲೆ ಐಕಾನ್ ಒತ್ತಿದರೆ ಅದೇ ಪೆಟ್ಟಿಗೆ. ಈಗಾಗಲೇ ಓಡುತ್ತಿದೆಯಂತೆ! ಈಗಷ್ಟೇ ಹುಟ್ಟಿದ ಸಿಸ್ಟಮ್‌ನಲ್ಲಿ ಯಾವಾಗ ಓಡಲು ಶುರು ಮಾಡಿದೆಯಪ್ಪಾ?

(ಆಮೇಲೆ ಗೊತ್ತಾಯಿತು. ಕಂಪ್ಯೂಟರ್ ಶುರುವಾದಾಗ ತಾನೂ ಶುರುವಾಗಲಿ ಅಂತ ಒಂದು ಟಿಕ್ ಇರುತ್ತದೆ. ಯಾವನೋ ಹಾಕಿದ್ದಾನೆ. ಈ ಸಿಸ್ಟಮ್ ಮುಟ್ಟುವವನು ನಾನೊಬ್ಬನೇ.)

ಇನ್ನೊಂದು ಬ್ರೌಸರ್ ಇರುತ್ತಲ್ಲ, ಅದರಲ್ಲಿ ಮಾಡಬಹುದಿತ್ತು ಅಲ್ವಾ ಅಂತ ಕೇಳುವವರಿಗೆ ನಮಸ್ಕಾರ. ಹೆಬ್ಬೆಟ್ಟಿನ ಮಿಷನ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಪಾಸ್‌ವರ್ಡ್‌ಗಳೆಲ್ಲ ಇದರಲ್ಲಿ. ನನ್ನ ಹನ್ನೊಂದು ವರ್ಷ ಇದರಲ್ಲಿದೆ. ಇತ್ತು.

ಫೋನ್ ತೆಗೆದು ಹುಡುಕಿದೆ. ಬ್ರೌಸರ್ ತೆರೆಯದಿದ್ದರೆ ಏನು ಮಾಡಬೇಕು? ಸಲಹೆ ಒಂದು: ಬ್ರೌಸರ್ ತೆರೆಯಿರಿ, ಸೆಟ್ಟಿಂಗ್ಸ್‌ಗೆ ಹೋಗಿ, ಕ್ಯಾಶ್ ಅಳಿಸಿ. ಸಲಹೆ ಎರಡು: ಸೆಟ್ಟಿಂಗ್ಸ್‌ಗೆ ಹೋಗಿ ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಮಾಡಿ. ಸಲಹೆ ಮೂರು: ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಎಲ್ಲಿಂದ ತೆಗೆಯಲಿ? ತೆರೆದರೆ ತಾನೇ ತೆಗೆಯುವುದು? ಕೀ ಒಳಗಿಟ್ಟು ಬಾಗಿಲು ಎಳೆದುಕೊಂಡವನಿಗೆ "ಒಳಗೆ ಹೋಗಿ ಕೀ ತಗೊಳ್ಳಿ" ಅಂದರೆ ಹೇಗಿರುತ್ತೆ? ಇದನ್ನು ಬರೆಯುವವರಿಗೆ ಸಂಬಳ ಕೊಡುತ್ತಾರಾ? ಎಷ್ಟು ಕೊಡುತ್ತಾರೆ?

ಆಗ ಬಂದ ಆ ಹುಡುಗ. ಜೆರಾಕ್ಸಿಗೆ. ಮಾರ್ಕ್ಸ್ ಕಾರ್ಡಿನದು ಒಂದೇ ಕಾಪಿ. ಮೀಸೆ ಚಿಗುರಿಲ್ಲ. ಜೆರಾಕ್ಸ್ ಮಾಡಿಕೊಟ್ಟೆ, ಅವನು ಅದನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದುಕೊಂಡ. ಹೋಗಬಹುದಿತ್ತು. ಹೋಗಲಿಲ್ಲ. ಪರದೆ ನೋಡಿದ. "ಅಂಕಲ್, ಒಂದ್ನಿಮಿಷ ಏಳ್ತೀರಾ."

ಬಲಗೈಯಲ್ಲಿ ಸುರುಳಿ. ಎಡಗೈ ಒಂದರಲ್ಲೇ ಮೂರು ಕೀ ಒತ್ತಿದ, ಕಂಟ್ರೋಲ್, ಶಿಫ್ಟ್, ಎಸ್ಕೇಪ್. ಮೂರೂ ಎಡಗಡೆಯೇ ಇವೆ, ಒಂದು ಗೇಣಿನಲ್ಲಿ. ಇಷ್ಟು ವರ್ಷ ನಾನು ಎರಡೂ ಕೈಯಲ್ಲಿ ಕಂಟ್ರೋಲ್ ಆಲ್ಟ್ ಡಿಲೀಟ್ ಒತ್ತಿಕೊಂಡು ಬಂದವನು, ಅದೂ ಪಾಸ್‌ವರ್ಡ್ ಬದಲಾಯಿಸುವುದಕ್ಕೆ. ಒಳಗೆ ಏನೇನು ಓಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ಬಂತು. ಅದರಲ್ಲಿ ನನ್ನ ಬ್ರೌಸರಿನ ಹೆಸರು, ಒಂದರ ಕೆಳಗೆ ಒಂದು, ಹದಿನಾಲ್ಕು ಸಾಲು. ನಾನು ಮುಚ್ಚಿದ್ದೇನೆ ಅಂದುಕೊಂಡಿದ್ದು ಹದಿನಾಲ್ಕು ಜನರಾಗಿ ಹಿಂದೆ ಕೂತು ಊಟ ಮಾಡುತ್ತಿದೆ! "ಟ್ಯಾಬೆಲ್ಲ ಬೇರೆ ಬೇರೆ ಪ್ರೊಸೆಸ್‌ಗೆ ಹಂಚಿರುತ್ತೆ ಅಂಕಲ್, ಒಂದು ಬಿದ್ದರೆ ಇನ್ನೊಂದು ಬೀಳಬಾರದು ಅಂತ" ಅಂದ. ನನಗೆ ಹೇಳಿಕೊಟ್ಟ. ಒಂಬತ್ತು ಜನರ ಮುಂದೆ. ಸುರುಳಿಯ ತುದಿಯಿಂದ ಪರದೆಯನ್ನು ತೋರಿಸುತ್ತಾ, ಮೇಷ್ಟ್ರು ಕೋಲಿನಲ್ಲಿ ಬೋರ್ಡ್ ತೋರಿಸುವ ಹಾಗೆ.

ಎಂಡ್ ಟಾಸ್ಕ್ ಒತ್ತಿದ. ಸಿಪಿಯು ಫ್ಯಾನಿನ ಕೂಗು ಇಳಿಯಿತು. ಅಲ್ಲಿವರೆಗೆ ಅದು ಕೂಗುತ್ತಿತ್ತು ಅಂತಲೇ ನನಗೆ ಗೊತ್ತಿರಲಿಲ್ಲ. ಐಕಾನ್ ಒತ್ತಿದ. ತೆರೆಯಿತು. "ಹಳೇ ಟ್ಯಾಬೆಲ್ಲ ವಾಪಸ್ ಬೇಕಾ ಅಂತ ಕೇಳ್ತಿದೆ, ಅರವತ್ತಮೂರು ಇದೆ, ಬೇಡ ಅನ್ನಲಾ?" ಅಂದ. ಅರವತ್ತಮೂರು ಅನ್ನುವುದನ್ನು ಸ್ವಲ್ಪ ಜೋರಾಗಿಯೇ ಅಂದ. ಅಥವಾ ನನಗೆ ಹಾಗೆ ಕೇಳಿಸಿತೋ.

ಬೆಂಚಿನ ತುದಿಯಲ್ಲಿದ್ದ ಒಬ್ಬರು ಹೊರಗಡೆ ಬೋರ್ಡ್ ಕಡೆ ಕತ್ತು ತಿರುಗಿಸಿದರು. ಬೋರ್ಡಿನಲ್ಲಿ 'ಇಲ್ಲಿ ಕಂಪ್ಯೂಟರ್ ಕಲಿಸಲಾಗುವುದು' ಅಂತಿದೆ. ನಾನೇ ಬರೆಸಿದ್ದು, ಹಳದಿ ಮೇಲೆ ಕೆಂಪು. "ಅದು ಈ ಹುಡುಗ ಕಲಿಸೋದಾ?" ಅಂದರು. ಕುಹಕದಿಂದಲ್ಲ. ನಿಜವಾಗಿ ತಿಳಿಯಬೇಕು ಅಂತಲೇ ಕೇಳಿದರು. ಅಜ್ಜಿ "ಪಾಪ, ಮಗೀಗೆ ಒಂದ್ ಲೋಟ ಕಾಫಿ ತರ್ಸಪ್ಪ" ಅಂದರು. ನನಗೆ ಹೇಳಿದ್ದು.

ತರಿಸಿದೆ. ಅವನು ಕುಡಿಯುವುದಿಲ್ಲವಂತೆ. ಎರಡು ರೂಪಾಯಿ ಟೇಬಲ್ ಮೇಲಿಟ್ಟ. ಬೇಡ ಕಣೋ ಅಂದೆ. "ಪರವಾಗಿಲ್ಲ ಇಟ್ಕೊಳ್ಳಿ ಅಂಕಲ್" ಅಂತ ಹೊರಟ. ಇಟ್ಕೊಳ್ಳಿ ಅಂತೆ!

ಈಗ ಯಾರಾದರೂ ಉತ್ತರ ಕೊಡಿ. ಯಾರಾದರೂ ಸರಿ, ಅಮೆರಿಕದಲ್ಲಿ ಕೂತವರಾದರೂ ಸರಿ. ಗುಣಿಸು ಗುರುತು ಒತ್ತಿದರೆ ಮುಚ್ಚಬೇಕೋ ಬೇಡವೋ? ಮುಚ್ಚದಿದ್ದರೆ 'ಮುಚ್ಚಿಲ್ಲ' ಅಂತ ಹೇಳಬೇಕೋ ಬೇಡವೋ? ಹಳೆಯದನ್ನು ಮುಚ್ಚಿ ಅನ್ನುವ ಪೆಟ್ಟಿಗೆಯಲ್ಲೇ ಮುಚ್ಚುವುದಕ್ಕೆ ಒಂದು ಬಟನ್ ಇಟ್ಟರೆ ಗಂಟೇನು ಹೋಗುತ್ತಿತ್ತು? ನಾನು ಅಂಗಡಿ ಶಟರ್ ಎಳೆದರೆ ಅಂಗಡಿ ಮುಚ್ಚುತ್ತದೆ. ಒಳಗೆ ಹದಿನಾಲ್ಕು ಜನ ಇಸ್ಪೀಟ್ ಆಡುತ್ತಾ ಕೂರುವುದಿಲ್ಲ.

ಸಮಾಧಾನ ಬೇಕಾದಾಗ ನಾನು ಒಂದು ವಿಷಯ ನೆನಪು ಮಾಡಿಕೊಳ್ಳುತ್ತೇನೆ. 2022ರ ಜನವರಿ 13ರಂದು ಜಗತ್ತಿನ ನಾನಾ ಕಡೆ ಫೈರ್‌ಫಾಕ್ಸ್ ಬ್ರೌಸರ್ ಇದ್ದಕ್ಕಿದ್ದಂತೆ ಕೈಕೊಟ್ಟಿತ್ತು. ಒಂದು ಪೇಜೂ ತೆರೆಯುತ್ತಿರಲಿಲ್ಲ. ಅದನ್ನು ಕಟ್ಟಿದವರು ಆಮೇಲೆ ಕಾರಣ ಬರೆದರು. ಪೇಜುಗಳನ್ನು ತರಿಸುವ ಎಚ್‌ಟಿಟಿಪಿ 3 ಅನ್ನುವ ಹೊಸ ಪದ್ಧತಿಯ ಕೋಡಿನಲ್ಲಿ ಒಂದು ಹೆಡರ್ ಹೆಸರಿನ ಇಂಗ್ಲಿಷ್ ಅಕ್ಷರ ದೊಡ್ಡದೋ ಸಣ್ಣದೋ ಅನ್ನುವ ಗೊಂದಲ. ಸಣ್ಣಕ್ಷರದಲ್ಲಿ ಬಂದದ್ದನ್ನು ಅದು ಗುರುತು ಹಿಡಿಯದೆ ಒಂದೇ ಕಡೆ ಸುತ್ತಲು ಶುರು ಮಾಡಿತು, ಗಾಣದ ಎತ್ತಿನ ಹಾಗೆ. ಅಷ್ಟು ದೊಡ್ಡವರೇ ಒಂದು ಅಕ್ಷರಕ್ಕೆ ಬಿದ್ದರು. ಕನ್ನಡದಲ್ಲಿ ಬರೆದಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ ಅಲ್ವಾ, ನಮ್ಮಲ್ಲಿ ದೊಡ್ಡ ಕ ಸಣ್ಣ ಕ ಅಂತ ಇಲ್ಲ. ಆದರೆ ಇದರಿಂದ ನನಗೇನು ಸಮಾಧಾನ? ಅವರು ಬಿದ್ದಾಗ ಜಗತ್ತೇ ಜೊತೆಗೆ ಬಿತ್ತು. ನಾನು ಒಬ್ಬನೇ ಬಿದ್ದೆ, ಒಂಬತ್ತು ಜನ ಟಿಕೆಟ್ ಇಲ್ಲದೆ ನೋಡಿದರು.

ಸಾಯಂಕಾಲದವರೆಗೆ ಎಲ್ಲ ಸರಿ ಇತ್ತು. ಸ್ಕಾಲರ್‌ಶಿಪ್ ಅರ್ಜಿ ಎರಡೂ ಸಲ್ಲಿಕೆಯಾದವು. ಅಜ್ಜಿಯ ಮಗ ಮಾತ್ರ ಮತ್ತೆ ಫೋನ್ ಎತ್ತಲಿಲ್ಲ, ನಾಳೆ ಬನ್ನಿ ಅಂದೆ. ಅಲ್ಲಿಗೆ ಸುಮ್ನೆ ಇರಬಹುದಿತ್ತು. ಸುಮ್ನೆ ಇರುವ ಜಾಯಮಾನ ನನ್ನದಲ್ಲ. ಏಳು ಗಂಟೆಗೆ ಹಿಸ್ಟರಿಗೆ ಹೋಗಿ ಆ ಅರವತ್ತಮೂರು ಟ್ಯಾಬನ್ನೂ ನಾನೇ ವಾಪಸ್ ಕರೆದೆ. ಯಾಕೆ ಅಂದರೆ ಅದರಲ್ಲಿ ಒಂದು ಬೇಕಿತ್ತು. ಯಾವುದು ಅಂತ ಈಗ ಮರೆತಿದೆ.

ಬೆಳ್ಳಗಾಯಿತು. ಹುಡುಗ ಮಾಡಿದ್ದನ್ನೇ ಮಾಡಿದೆ, ಎಡಗೈಯಲ್ಲೇ. ನನ್ನ ಕೈಗೆ ಬಗ್ಗಲಿಲ್ಲ. ಬ್ರೌಸರನ್ನೇ ಕಿತ್ತುಹಾಕಿ ಹೊಸದಾಗಿ ಹಾಕಿದೆ. ಹೊಸದೂ ಹಳೇ ಅರವತ್ತಮೂರನ್ನು ಎಳೆದುಕೊಂಡು ಬಂದು ಮಂಕು ಬಡಿದು ಕೂತಿತು. ಕಿತ್ತರೂ ಹೋಗುವುದಿಲ್ಲವಂತೆ, ನಮ್ಮ ಸಾಮಾನೆಲ್ಲ ಪ್ರೊಫೈಲ್ ಅನ್ನುವ ಬೇರೆ ಫೋಲ್ಡರಿನಲ್ಲಿ ಉಳಿದಿರುತ್ತದಂತೆ. ದೆವ್ವ ಮನೆಯಲ್ಲಿಲ್ಲ, ನಿವೇಶನದಲ್ಲೇ ಇದೆ. ಫೋಲ್ಡರ್ ಹುಡುಕಿದೆ. ಅದರ ಹೆಸರು ಬದಲಾಯಿಸಿ ಇಡಿ ಅಂತಿತ್ತು ಸಲಹೆ. ನಾನು ಸಿಟ್ಟಿನಲ್ಲಿದ್ದೆ. ಶಿಫ್ಟ್ ಒತ್ತಿ ಡಿಲೀಟ್ ಮಾಡಿದೆ. ಹಾಗೆ ಮಾಡಿದರೆ ರೀಸೈಕಲ್ ಬಿನ್ನಿಗೂ ಹೋಗುವುದಿಲ್ಲ ಅಂತ ಇದೇ ಅಂಗಡಿಯಲ್ಲಿ ಎಷ್ಟು ಮಕ್ಕಳಿಗೆ ಪಾಠ ಮಾಡಿದ್ದೇನೋ.

ಈಗ ಬ್ರೌಸರ್ ಹೂವಿನ ಹಾಗೆ ತೆರೆಯುತ್ತದೆ. 'ಸ್ವಾಗತ' ಅನ್ನುತ್ತಿದೆ. ಬುಕ್‌ಮಾರ್ಕ್ ಇಲ್ಲ, ಪಾಸ್‌ವರ್ಡ್ ಇಲ್ಲ, ನಾನು ಯಾರು ಅಂತಲೂ ಅದಕ್ಕೆ ಗೊತ್ತಿಲ್ಲ. ಅರ್ಜಿ ಹಾಕುವ ಲಾಗಿನ್‌ಗೆ 'ಪಾಸ್‌ವರ್ಡ್ ಮರೆತಿರಾ' ಒತ್ತಿದೆ. ನಿಮ್ಮ ಫೋನಿಗೆ ಓಟಿಪಿ ಕಳಿಸಿದ್ದೇವೆ ಅಂತು. ಕಳಿಸಿರುವುದು ನಾನು 2019ರಲ್ಲಿ ಬಿಟ್ಟ ಸಿಮ್ಮಿಗೆ. ಹನ್ನೊಂದು ಗಂಟೆಯಿಂದ ಎಲ್ಲ ಡ್ರಾಯರ್ ಹುಡುಕಿದೆ, ಸಿಮ್ ಸಿಗಲಿಲ್ಲ. ಆ ಎರಡು ರೂಪಾಯಿ ನಾಣ್ಯ ಮಾತ್ರ ಟೇಬಲ್ ಮೇಲೆ ಹಾಗೇ ಇದೆ.

ಅಜ್ಜಿ ನಾಳೆ ಹತ್ತು ಗಂಟೆಗೆ ಬರುತ್ತಾರೆ. ಡಿಲೀಟ್ ಆದದ್ದನ್ನು ವಾಪಸ್ ತರುವುದು ಆ ಹುಡುಗನಿಗೆ ಗೊತ್ತಿರಬಹುದು. ನೀಲಿ ಸೈಕಲ್, ಹಿಂದಿನ ಚಕ್ರಕ್ಕೆ ಮಡ್‌ಗಾರ್ಡ್ ಇಲ್ಲ. ಯಾವ ಬೀದಿಯವನು ಅಂತ ಯಾರಿಗಾದರೂ ಗೊತ್ತಾ?