‘ಓಲೈಕೆ’ ಪತ್ರಿಕೆಗಳು ಹುಟ್ಟಿಸಿದ ಪದವಲ್ಲ: ಒಂದು ಸ್ಪಷ್ಟನೆ

‘ಓಲೈಕೆ’ ಎಂಬುದು ಪತ್ರಿಕೆಗಳು ಚುನಾವಣಾ ಸುದ್ದಿಗಾಗಿ ಈಚೆಗೆ ಸೃಷ್ಟಿಸಿದ ಪದ, ಅದರ ಅರ್ಥವೂ ನಮ್ಮ ‘ಖುಷಾಮತ್’ (ಹೊಗಳಿ ಮೆಚ್ಚಿಸುವುದು) ಪದದ ಅರ್ಥವೂ ಒಂದೇ ಎಂಬ ಸಂದೇಶವೊಂದು ಕಲಬುರಗಿಯ ಕನ್ನಡಾಸಕ್ತರ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಇದರ ಎರಡೂ ಮಾತುಗಳು ತಪ್ಪು.

‘ಓಲೈಸು’ ಹಳೆಯ ಕ್ರಿಯಾಪದ. ಕಾವ್ಯಗಳಲ್ಲಿ ಅದು ಅರಸನ ಅಥವಾ ದೇವರ ಸೇವೆ ಮಾಡು, ಸನ್ನಿಧಿಯಲ್ಲಿರು ಎಂಬ ಗೌರವದ ಅರ್ಥದಲ್ಲಿ ಬರುತ್ತದೆ. ರಾಜಸಭೆ, ಸೇವೆ ಎಂಬ ಅರ್ಥಗಳುಳ್ಳ ‘ಓಲಗ’ ಮತ್ತು ತುಂಬಿದ ಸಭೆಯನ್ನು ಹೇಳುವ ‘ಒಡ್ಡೋಲಗ’ ಅದರ ಹತ್ತಿರದ ನೆಂಟರು. ‘ಆರೈಕೆ’, ‘ಹಾರೈಕೆ’ಗಳಂತೆಯೇ ‘ಓಲೈಕೆ’ಯೂ ಸಹಜವಾಗಿ ರೂಪುಗೊಂಡ ನಾಮಪದ. ಸೇವೆಯ ಅರ್ಥ ಹಿಂದೆ ಸರಿದು, ಲಾಭಕ್ಕಾಗಿ ಒಬ್ಬರನ್ನು ಮೆಚ್ಚಿಸುವುದು ಎಂಬ ಅರ್ಥ ಮುಂದೆ ಬಂದಿರುವುದು ನಿಜ, ಆದರೆ ಅರ್ಥ ಬದಲಾದ ಮಾತ್ರಕ್ಕೆ ಪದವೇ ಹೊಸದಾಗುವುದಿಲ್ಲ.

‘ಖುಷಾಮತ್’ ಪಾರಸಿ ಮೂಲದ್ದು. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಸೀಮೆಯಲ್ಲಿ ಉರ್ದುವಿನ ಒಡನಾಟದಿಂದ ಬಳಕೆಗೆ ಸಲೀಸಾಗಿ ಒಗ್ಗಿದೆ. ಅದರಲ್ಲಿ ಮುಖಸ್ತುತಿ ಇರಲೇಬೇಕು. ಓಲೈಕೆಗೆ ಹೊಗಳಿಕೆ ಬೇಕಿಲ್ಲ: ಒಂದು ಮಾತನ್ನೂ ಆಡದೆ, ರಿಯಾಯಿತಿ ಕೊಟ್ಟೋ ಹುದ್ದೆ ಕೊಟ್ಟೋ ಓಲೈಸಬಹುದು. ವಾಕ್ಯದಲ್ಲಿಯೂ ಅವು ಬೇರೆಯಾಗಿ ನಿಲ್ಲುತ್ತವೆ. ಸಾಹೇಬರ ಖುಷಾಮತ್ ಮಾಡುತ್ತೇವೆ, ಮತದಾರರನ್ನು ಓಲೈಸುತ್ತೇವೆ. (ಸಾಹೇಬರನ್ನು ಓಲೈಸುವವರೂ ಕಡಿಮೆಯೇನಿಲ್ಲ, ಅದು ಬೇರೆ ಮಾತು.)

ಅಳುವ ಮಗುವಿಗೆ ಈ ಎರಡೂ ಹೊಂದುವುದಿಲ್ಲ. ಅಲ್ಲಿ ನಮ್ಮ ಕಡೆ ‘ರಮಿಸು’ ಎನ್ನುತ್ತಾರೆ, ಅದರಲ್ಲಿ ಸ್ವಾರ್ಥದ ಸುಳಿವಿಲ್ಲ. ಆದ್ದರಿಂದ ಮುನಿಸಿಕೊಂಡ ಬಂಧುವನ್ನು ಸಮಾಧಾನಪಡಿಸಿದ್ದನ್ನು ‘ಓಲೈಕೆ’ ಎಂದು ಬರೆದರೆ ಇಂದಿನ ಓದುಗರಿಗೆ ಅದು ಆಕ್ಷೇಪದಂತೆ ಕೇಳಿಸುತ್ತದೆ.