ನಮ್ಮಲ್ಲಿ ದ್ವೀಪ ಇರಲಿಲ್ಲ

ಹೋದ ತಿಂಗಳು ಒಕಾಯಾಮಾ ಕಡೆಯ ನಾಗಾಶಿಮಾ ದ್ವೀಪಕ್ಕೆ ಹೋಗಿದ್ದೆ. ಕುಷ್ಠ ಬಂದವರನ್ನು ಊರಿಂದ ದೂರ ಇಡೋದಕ್ಕೆ ಅಂತಲೇ ಜಪಾನ್ ಸರ್ಕಾರ 1930ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಿತ್ತು. ಕಿರಿದಾದ ಕಡೆ ದಡಕ್ಕೂ ದ್ವೀಪಕ್ಕೂ ನಡುವೆ ಸುಮಾರು 30 ಮೀಟರ್ ನೀರು, ಅಷ್ಟೇ. ಕೂಗಿದರೆ ಕೇಳಿಸುತ್ತದೆ. ಅಷ್ಟಕ್ಕೆ ಸೇತುವೆ ಆಗಿದ್ದು 1988ರಲ್ಲಿ!

ಬಂದವರನ್ನು ಮೊದಲು ಇಳಿಸುತ್ತಿದ್ದ ಸ್ನಾನದ ತೊಟ್ಟಿ ಈಗಲೂ ಇದೆ. ಕ್ರೆಸಾಲ್ ಅನ್ನೋ ಕ್ರಿಮಿನಾಶಕ ಬೆರೆಸಿದ ನೀರು. ಕೈಯಲ್ಲಿದ್ದ ದುಡ್ಡನ್ನೂ ತೆಗೆದುಕೊಳ್ಳುತ್ತಿದ್ದರಂತೆ. ಮನೆಯವರಿಗೆ ಕೆಟ್ಟ ಹೆಸರು ಬರಬಾರದು ಅಂತ ಎಷ್ಟೋ ಜನ ಹೆಸರನ್ನೇ ಬದಲಾಯಿಸಿಕೊಂಡರು. ಸತ್ತ ಮೇಲೂ ಕರೆದುಕೊಂಡು ಹೋಗುವವರಿಲ್ಲ, 3,000ಕ್ಕೂ ಹೆಚ್ಚು ಜನರ ಅಸ್ಥಿ ಅಲ್ಲೇ ಇದೆ.

ಜೊತೆಗಿದ್ದ ಆಫೀಸಿನ ಗೆಳೆಯ ಕೇಳಿದ, "ನಿಮ್ಮ ಕಡೆಯೂ ಹೀಗೇನಾ?" "ಇಲ್ಲ, ನಮ್ಮೂರ ಕಡೆ ಇಂಥದ್ದೆಲ್ಲ ಇರಲಿಲ್ಲ" ಅಂದುಬಿಟ್ಟೆ.

ವಾಪಸ್ ಬರುವಾಗ ರೈಲಿನಲ್ಲಿ ನೆನಪಾಯಿತು. ಅಜ್ಜಿ ಮನೆಯ ತೋಟದ ಅಂಚಿನಲ್ಲಿ ಒಂದು ಗುಡಿಸಲು. ಅಲ್ಲೊಬ್ಬಳು ಮುದುಕಿ, ಅಜ್ಜಿಗೆ ದೂರದ ಸಂಬಂಧ. "ದೊಡ್ಡ ರೋಗ" ಅಂತ ದನಿ ತಗ್ಗಿಸಿ ಹೇಳುತ್ತಿದ್ದರು. ಬಾಳೆಲೆ ತುಂಡಿನಲ್ಲಿ ಅನ್ನ, ಗೆರಟೆಯಲ್ಲಿ ಮಜ್ಜಿಗೆ, ಕಲ್ಲಿನ ಮೇಲೆ ಇಟ್ಟು ತಿರುಗಿ ನೋಡದೆ ಬರಬೇಕು. ಕುಷ್ಠ ಬಂದವರನ್ನು ಬೇರೆ ಇಡುವ ಬ್ರಿಟಿಷರ 1898ರ ಕಾಯ್ದೆ ನಮ್ಮ ದೇಶದಲ್ಲಿ 2016ರ ತನಕ ಇತ್ತು ನಿಜ, ಆದರೆ ನಮ್ಮನೆಯವರು ಯಾವ ಕಾಯ್ದೆ ಓದಿದ್ದರು? ಮೊನ್ನೆ ಫೋನ್ ಮಾಡಿ ಅವಳ ಹೆಸರು ಕೇಳಿದರೆ ಅಮ್ಮನಿಗೂ ಗೊತ್ತಿಲ್ಲ. "ಈಗ್ಯಾಕೋ ಅದೆಲ್ಲ?" ಅಂದಳು.

ನನಗೆ ಸಿಟ್ಟು ಬಂದಿದ್ದು ಇಲ್ಲೇ. ಜಪಾನಿನವರು ಮಾಡಿದ್ದು ಕ್ರೂರ, ಎರಡು ಮಾತಿಲ್ಲ. ಆದರೆ ಆ ತೊಟ್ಟಿಯನ್ನು ಉಳಿಸಿದ್ದಾರೆ, ಮಕ್ಕಳಿಗೆ ತೋರಿಸುತ್ತಾರೆ. 2001ರಲ್ಲಿ ರೋಗಿಗಳು ಕೋರ್ಟಿನಲ್ಲಿ ಗೆದ್ದಾಗ ಸರ್ಕಾರ ಮೇಲ್ಮನವಿಗೆ ಹೋಗದೆ ತಪ್ಪಾಯಿತು ಅಂದಿತು. ನಾವು ಗುಡಿಸಲು ಕೆಡವಿ ಅಡಿಕೆ ಸಸಿ ಹಾಕಿದೆವು.

ಹಾಂ, ಔಷಧಿ 1940ರ ದಶಕದಲ್ಲೇ ಬಂದಿದ್ದರೂ ಜಪಾನಿನಲ್ಲಿ ರೋಗಿಗಳನ್ನು ದೂರ ಇಡುವ ಕಾಯ್ದೆ ತೆಗೆದಿದ್ದು 1996ರಲ್ಲಿ. ದ್ವೀಪದಲ್ಲಿ ಮದುವೆಯಾಗಬೇಕು ಅಂದರೆ ಗಂಡಸಿಗೆ ಆಪರೇಷನ್, ಬಸುರಿಯಾದರೆ ತೆಗೆಸುತ್ತಿದ್ದರು. ಅದನ್ನು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮೂರಲ್ಲೂ ಈಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮೈಮೇಲೆ ಮಚ್ಚೆ ಇದೆಯಾ ಅಂತ ಕೇಳುತ್ತಾರೆ, ಮಾತ್ರೆ ಪುಕ್ಕಟೆ. ಅತ್ತಿಗೆಯ ಪಕ್ಕದ ಮನೆಯವರು ಹಾಗೆ ವರ್ಷ ಮಾತ್ರೆ ತಿಂದು ಗುಣವಾದರು, ಮನೆ ಬಿಟ್ಟು ಎಲ್ಲೂ ಹೋಗಲಿಲ್ಲ. ಕಳೆದ ಸಲ ಹೋದಾಗ ಅವರ ಮನೆಯ ಸ್ಟೀಲ್ ಲೋಟದಲ್ಲಿ ನಾನೂ ಕಾಫಿ ಕುಡಿದು ಬಂದೆ.