ಹಿಮ ಬೀಳುವ ಕಾಂಟ್ರಾ, ಬೀಳದ ಕಾಂಟ್ರಾ

ಆರನೇ ಕ್ಲಾಸಿನಲ್ಲಿ ನಾನೂ ನನ್ನ ಗೆಳೆಯನೂ ಒಂದು ವಾರ ಮಾತು ಬಿಟ್ಟಿದ್ದೆವು. ಜಗಳ ಕಾಂಟ್ರಾ ಎಂಬ, ಓಡುತ್ತಾ ಗುಂಡು ಹಾರಿಸುವ ವಿಡಿಯೋ ಗೇಮಿನದ್ದು. ಐದನೇ ಸ್ಟೇಜಿನಲ್ಲಿ ಹಿಮ ಬೀಳುತ್ತದೆ ಅಂತ ನಾನು. ನೆಲದ ಮೇಲೆ ಹಿಮ ಇದೆ, ಮೇಲಿಂದ ಏನೂ ಬೀಳಲ್ಲ, ಸುಳ್ಳು ಹೇಳ್ತೀಯ ಅಂತ ಅವನು. ತೀರ್ಥಹಳ್ಳಿಯ ಜುಲೈ ಮಳೆ, ಶಾಲೆಗೆ ರಜೆ ಕೊಟ್ಟಿದ್ದರು. ನೆನೆದುಕೊಂಡೇ ಅವನ ಮನೆಗೆ ಹೋಗಿ ನೋಡಿದೆ. ನಿಜವಾಗಿಯೂ ಬೀಳುತ್ತಿರಲಿಲ್ಲ! ನಮ್ಮ ಗೇಮ್ ಕ್ಯಾಸೆಟ್ ತಂದು ತೋರಿಸೋಣ ಅಂದರೆ, ಮಳೆಗಾಲದ ತೇವಕ್ಕೆ ಅದು ಅಷ್ಟರಲ್ಲೇ ಕೈಕೊಟ್ಟಿತ್ತು. ಊದಿದರೂ, ಬಟ್ಟೆಯಲ್ಲಿ ಒರೆಸಿದರೂ ಬರೀ ಬೂದು ಸ್ಕ್ರೀನ್. ಹಿಮವನ್ನೇ ನೋಡದ ಊರಿನ ಹುಡುಗ ನಾನು. ಆ ಬಿಳಿ ಚುಕ್ಕೆಗಳು ಉದುರುವುದನ್ನು ನೋಡಲೆಂದೇ ಗುಂಡು ಹಾರಿಸದೆ ನಿಲ್ಲುತ್ತಿದ್ದೆ. ಅದನ್ನು ಸುಳ್ಳು ಅಂದರೆ ಹೊಟ್ಟೆ ಉರಿಯಲ್ವಾ?

ಇಬ್ಬರೂ ಹೇಳಿದ್ದು ನಿಜ ಎಂದು ಗೊತ್ತಾಗಲು ಇಪ್ಪತ್ತು ವರ್ಷ ಬೇಕಾಯಿತು.

ಕೊನಾಮಿ ಕಂಪನಿ 1988ರಲ್ಲಿ ಕಾಂಟ್ರಾವನ್ನು ನಿಂಟೆಂಡೋದ ಮನೆ ಮೆಷಿನ್‌ಗೆ ತಂದಿತು. ಜಪಾನಿನಲ್ಲಿ ಆ ಮೆಷಿನ್ ಹೆಸರು ಫ್ಯಾಮಿಕಾಮ್, ಅಮೆರಿಕದಲ್ಲಿ ಎನ್‌ಇಎಸ್. ಒಳಗಿನದ್ದು ಹೆಚ್ಚುಕಡಿಮೆ ಒಂದೇ. ಆದರೆ ಜಪಾನಿನ ಕ್ಯಾಸೆಟ್ಟಿನೊಳಗೆ ಕೊನಾಮಿ ತನ್ನದೇ ಒಂದು ಚಿಪ್ ಹಾಕಿತ್ತು. ಅದರ ಹೆಸರು ವಿಆರ್‌ಸಿ2. ಚಿತ್ರದ ಸಣ್ಣ ಸಣ್ಣ ತುಂಡುಗಳನ್ನು ಅದು ಚಕಚಕನೆ ಬದಲಿಸುತ್ತದೆ. ಅದಕ್ಕೇ ಮೊದಲ ಸ್ಟೇಜಿನಲ್ಲಿ ಮರದ ಎಲೆ ಅಲ್ಲಾಡುತ್ತದೆ, ಐದನೆಯದರಲ್ಲಿ ಹಿಮ ಬೀಳುತ್ತದೆ, ಸ್ಟೇಜಿಗೆ ಮುಂಚೆ ಮ್ಯಾಪ್ ಬರುತ್ತದೆ. ಅಮೆರಿಕದಲ್ಲಿ ಕ್ಯಾಸೆಟ್ಟಿನೊಳಗೆ ನಿಂಟೆಂಡೋ ಒಪ್ಪಿದ ಸರ್ಕ್ಯೂಟ್ ಬೋರ್ಡನ್ನೇ ಬಳಸಬೇಕಿತ್ತು. ಆ ಚಿಪ್ ಹೋಯಿತು, ಜೊತೆಗೆ ಹಿಮವೂ ಹೋಯಿತು. ನಮ್ಮಲ್ಲಿ ಸಿಗುತ್ತಿದ್ದದ್ದು ಫ್ಯಾಮಿಕಾಮಿನ ನಕಲಿ ಮೆಷಿನ್, ನಕಲಿ ಕ್ಯಾಸೆಟ್. ನನ್ನದು ಅಣ್ಣ ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದದ್ದು, ಗೆಳೆಯನದ್ದು ಅವನ ಮಾವ ಬೆಂಗಳೂರಿನಿಂದ ತಂದದ್ದು. ಒಂದು ಜಪಾನಿನ ಗೇಮಿನ ನಕಲು, ಇನ್ನೊಂದು ಅಮೆರಿಕದ್ದರ ನಕಲು. ತೀರ್ಥಹಳ್ಳಿಯ ಒಂದೇ ಬೀದಿಯಲ್ಲಿ ಎರಡೂ ಬಂದು ಕೂತಿದ್ದವು. ಯುರೋಪಿನಲ್ಲಂತೂ ಮನುಷ್ಯರನ್ನೇ ತೆಗೆದು ರೋಬೋಟ್ ಹಾಕಿ, ಪ್ರೊಬೊಟೆಕ್ಟರ್ ಅಂತ ಬೇರೆ ಹೆಸರಿಟ್ಟು ಮಾರಿದರು.

ಈಗ ಹಳೇ ಗೇಮುಗಳ ಮಾತು ಬಂದಾಗಲೆಲ್ಲ ಜನ ಲೆಕ್ಕ ಹೇಳುತ್ತಾರೆ. ಯಾವ ಮೆಷಿನ್ನಿನಲ್ಲಿ ಬಣ್ಣ ಜಾಸ್ತಿ, ಯಾವುದರ ಪ್ರೊಸೆಸರ್ ಫಾಸ್ಟ್, ಯಾವುದು ಅಂಗಡಿಯಲ್ಲಿ ದುಡ್ಡು ಹಾಕಿ ಆಡುವ ದೊಡ್ಡ ಆರ್ಕೇಡ್ ಮೆಷಿನ್‌ಗೆ ಹತ್ತಿರ ಇದೆ, ಹಾಗಾಗಿ ಅದೇ ಒಳ್ಳೆಯ ವರ್ಶನ್. ನನಗೆ ಇದು ಸರಿ ಅನ್ನಿಸುವುದಿಲ್ಲ. ಹತ್ತಿರ ಇದ್ದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ಕೈಯಲ್ಲಿ ಇರುವ ಮೆಷಿನ್ನಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ತಿಳಿದು ಗೇಮನ್ನು ಹೊಸದಾಗಿ ಕಟ್ಟಿದವರದ್ದೇ ನನ್ನ ಪಾಲಿಗೆ ಒಳ್ಳೆಯ ವರ್ಶನ್.

ಕಾಂಟ್ರಾವನ್ನೇ ನೋಡಿ. 1987ರ ಆರ್ಕೇಡ್ ಮೆಷಿನ್ ಮನೆಯ ಮೆಷಿನ್ನಿಗಿಂತ ಎಷ್ಟೋ ಪಟ್ಟು ಬಲಶಾಲಿ. ಆದರೆ ಅದರ ಸ್ಕ್ರೀನ್ ನಿಲುವಾದದ್ದು, ಉದ್ದಕ್ಕೆ ಜಾಸ್ತಿ, ಅಗಲಕ್ಕೆ ಕಡಿಮೆ. ಓಡುವ ಗೇಮಿನಲ್ಲಿ ಎದುರಿನಿಂದ ಬರುವವನು ತಡವಾಗಿ ಕಾಣುತ್ತಾನೆ. ಫ್ಯಾಮಿಕಾಮಿನ ಮುಖ್ಯ ಮೆಮೊರಿ ಬರೀ 2 ಕಿಲೋಬೈಟ್. ನಾನೀಗ ಬರೆಯುತ್ತಿರುವ ಈ ಒಂದು ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದು ಕಷ್ಟ! ಅಷ್ಟರಲ್ಲಿ ಅವರು ಸ್ಕ್ರೀನನ್ನು ಅಗಲ ಮಾಡಿದರು, ಆರ್ಕೇಡಿನಲ್ಲಿ ಕೊನೆಗೆ ಒಂದೇ ಓಟವಾಗಿದ್ದ ಭಾಗವನ್ನು ಬೇರೆ ಬೇರೆ ಮಾಡಿ ಎಂಟು ಸ್ಟೇಜ್ ಮಾಡಿದರು, ಒಂದೊಂದಕ್ಕೂ ಅದರದ್ದೇ ಬಾಸ್, ಅಂದರೆ ಕೊನೆಯ ದೊಡ್ಡ ಶತ್ರು, ಕೊಟ್ಟರು. ಎರಡನ್ನೂ ಆಡಿದ ಮೇಲೆ ಹೇಳುತ್ತೇನೆ, ಮನೆಯ ಕಾಂಟ್ರಾವೇ ಚೆನ್ನಾಗಿದೆ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದರೆ ಮೂವತ್ತು ಲೈಫ್ ಸಿಗುವ ಉಪಕಾರವೂ ಮನೆಯದ್ದರಲ್ಲೇ ಇತ್ತು. ಇಲ್ಲದಿದ್ದರೆ ಹಿಮದ ಸ್ಟೇಜ್ ನಾವ್ಯಾರೂ ನೋಡುತ್ತಿರಲಿಲ್ಲ.

ಡಿಸ್ನಿ ಸಿನಿಮಾದ ಅಲ್ಲಾದೀನ್ ಗೇಮಿನ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಬಹಳ ಸಲ ಬದಲಾಗಿದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ದೊಡ್ಡಪ್ಪನ ಮನೆ. ದೊಡ್ಡಪ್ಪನ ಮಗನ ಹತ್ತಿರ ದುಬೈನಿಂದ ಬಂದ, ಸೆಗಾ ಕಂಪನಿಯ ಮೆಗಾ ಡ್ರೈವ್ ಎಂಬ ಗೇಮ್ ಮೆಷಿನ್ ಇತ್ತು. ದಸರಾ ರಜೆಯಲ್ಲಿ ಅಲ್ಲಿಗೆ ಹೋಗುವುದೇ ಅದಕ್ಕೆ. 1993ರಲ್ಲಿ ಅಲ್ಲಾದೀನ್ ಸೆಗಾಗೂ ನಿಂಟೆಂಡೋದ ಮುಂದಿನ ಮೆಷಿನ್ ಆದ ಸೂಪರ್ ನಿಂಟೆಂಡೋಗೂ ಬಂತು. ಹೆಸರು ಒಂದೇ, ಗೇಮ್ ಪೂರ್ತಿ ಬೇರೆ. ಸೆಗಾದ್ದನ್ನು ಮಾಡಿದ್ದು ವರ್ಜಿನ್ ಕಂಪನಿಯ ಡೇವಿಡ್ ಪೆರ್ರಿ ತಂಡ. ಡಿಸ್ನಿಯ ಕಲಾವಿದರೇ ಅದಕ್ಕೆ ಚಿತ್ರ ಬರೆದರು. ಸೂಪರ್ ನಿಂಟೆಂಡೋದ್ದು ಕ್ಯಾಪ್‌ಕಾಮ್ ಕಂಪನಿ ಮಾಡಿದ್ದು, ಶಿಂಜಿ ಮಿಕಾಮಿ ಅದರ ಡಿಸೈನರ್. ಬಣ್ಣದ ಲೆಕ್ಕ ಹಾಕಿದರೆ ಸೆಗಾ ಒಂದು ಸಲಕ್ಕೆ 64 ಬಣ್ಣ ತೋರಿಸುತ್ತದೆ, ಸೂಪರ್ ನಿಂಟೆಂಡೋ 256. ಆದರೂ ಸಿನಿಮಾದ ಹಾಗೆ ಮೈ ಬಳುಕಿಸಿ ಓಡುವ ಅಲ್ಲಾದೀನ್ ಇರುವುದು ಸೆಗಾದಲ್ಲಿ. ಕೈಯಲ್ಲಿ ಕತ್ತಿಯೂ ಇದೆ.

ಮಿಕಾಮಿ ಮುಂದೊಂದು ಸಂದರ್ಶನದಲ್ಲಿ, ತಾನೇ ಮಾಡದೆ ಇದ್ದಿದ್ದರೆ ಸೆಗಾದ್ದನ್ನೇ ಕೊಳ್ಳುತ್ತಿದ್ದೆ ಎಂಬ ಅರ್ಥದ ಮಾತು ಹೇಳಿದ್ದಾರೆ. ದೊಡ್ಡವರ ಮಾತು, ಆದರೂ ನಾನು ಒಪ್ಪುವುದಿಲ್ಲ. ಚಿಕ್ಕವನಿದ್ದಾಗ ಸೆಗಾ ಅಂತಲೇ ವಾದ ಮಾಡುತ್ತಿದ್ದೆ, ನಿಜ. ಈಗ ಎರಡನ್ನೂ ಪಕ್ಕಪಕ್ಕ ಆಡಿದರೆ ಬೇರೆಯೇ ಕಾಣುತ್ತದೆ. ಸೆಗಾದಲ್ಲಿ ಕತ್ತಿ ತಾಗಿತೋ ಇಲ್ಲವೋ ಎಷ್ಟೋ ಸಲ ಗೊತ್ತಾಗುವುದಿಲ್ಲ. ಕ್ಯಾಪ್‌ಕಾಮಿನದ್ದರಲ್ಲಿ ಹಾರಿದರೆ ಎಲ್ಲಿ ಇಳಿಯುತ್ತೇನೆ ಎಂದು ಬೆರಳಿಗೆ ಮೊದಲೇ ಗೊತ್ತಿರುತ್ತದೆ. ಶತ್ರುವಿನ ತಲೆ ಮೇಲೆ ಕಾಲಿಟ್ಟು ಚಿಮ್ಮಿ, ಗೋಡೆಯ ಅಂಚು ಹಿಡಿದು, ಕೈಯಲ್ಲಿನ ಬಟ್ಟೆಯನ್ನು ಛತ್ರಿಯ ಹಾಗೆ ಹರಡಿ ತೇಲಿ ಇಳಿಯುವುದು ಒಂದೇ ಉಸಿರಿನಲ್ಲಿ ಆಗುತ್ತದೆ. ನೋಡುವುದಕ್ಕೆ ಸೆಗಾ, ಆಡುವುದಕ್ಕೆ ಕ್ಯಾಪ್‌ಕಾಮ್. ನಾನು ಆಡುವವನು.

ಅದೇ 1993ರ ಮಾರ್ಟಲ್ ಕಾಂಬ್ಯಾಟ್ ಎಂಬ ಹೊಡೆದಾಟದ ಗೇಮಿನ ಕತೆ ಎಲ್ಲರಿಗೂ ಗೊತ್ತು. ನಿಂಟೆಂಡೋ ರಕ್ತದ ಬದಲು ಬೆವರು ತೋರಿಸಿತು, ಸೆಗಾ ಒಂದು ಕೋಡ್ ಒತ್ತಿದರೆ ರಕ್ತ ಕೊಟ್ಟಿತು. ಚಿತ್ರ ಚೆನ್ನಾಗಿದ್ದದ್ದು ನಿಂಟೆಂಡೋದಲ್ಲಿ, ಜಾಸ್ತಿ ಮಾರಾಟವಾಗಿದ್ದು ಸೆಗಾದ್ದು.

ಈ ಹೋಲಿಕೆಗಳಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ವರ್ಶನ್ ಒಂದಿದೆ. ಅದು ನಮ್ಮದು. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿತ್ತು. ನಮ್ಮದು ಪಾಲ್ ಪದ್ಧತಿ, 50 ಸಲ. ಆ ಕಾಲದ ಗೇಮುಗಳು ಟಿವಿಯ ಈ ತಾಳಕ್ಕೇ ಹೆಜ್ಜೆ ಹಾಕುತ್ತಿದ್ದವು. ಹಾಗಾಗಿ ಇಲ್ಲಿನ ಟಿವಿಗೆ ಹೊಂದಿಸಿದ ನಕಲಿ ಮೆಷಿನ್ನಿನಲ್ಲಿ ಗೇಮೂ ನಿಧಾನ, ಹಾಡೂ ನಿಧಾನ. ಅಲ್ಲಿ ಒಂದು ನಿಮಿಷದಲ್ಲಿ ಮುಗಿಯುವ ಓಟ ಇಲ್ಲಿ 72 ಸೆಕೆಂಡ್. ನಮ್ಮ ಕೈ ಕಲಿತದ್ದು ಆ ವೇಗವನ್ನು. ಅದನ್ನು ಕೆಟ್ಟ ನಕಲು ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಲಕ್ಷಾಂತರ ಮಕ್ಕಳು ಆಡಿದ ಕಾಂಟ್ರಾ ಅದು.

ಕಳೆದ ಭಾನುವಾರ ಕಂಪ್ಯೂಟರಿನಲ್ಲಿ ಎಮ್ಯುಲೇಟರ್, ಅಂದರೆ ಹಳೇ ಮೆಷಿನ್ನಿನ ಹಾಗೆ ನಡೆಯುವ ಸಾಫ್ಟ್‌ವೇರ್, ಹಾಕಿ ಕಾಂಟ್ರಾ ಆಡುತ್ತಿದ್ದೆ. ಮೊದಲು 60ರಲ್ಲಿ. ಬೆರಳು ಎಲ್ಲ ಕಡೆ ತಡವಾಗುತ್ತಿತ್ತು. ಮೆಸೆನ್ ಎಂಬ ಎಮ್ಯುಲೇಟರಿನಲ್ಲಿ ಡೆಂಡಿ ಅಂತ ಒಂದು ಆಯ್ಕೆ ಇದೆ. ಡೆಂಡಿ ಅಂದರೆ ರಷ್ಯಾದಲ್ಲಿ ಮಾರಾಟವಾದ, ನಮ್ಮದರಂಥದ್ದೇ 50ರ ನಕಲಿ ಮೆಷಿನ್. ಅದಕ್ಕೆ ಬದಲಿಸಿದೆ. ಒಳಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದ ಅಮ್ಮ ಅಲ್ಲಿಂದಲೇ ಕೇಳಿದರು, "ಹಳೇ ಗೇಮ್ ಸಿಕ್ತೇನೋ?" ಅದಕ್ಕೂ ಮುಂಚೆ ಅರ್ಧ ಗಂಟೆ ಅದೇ ಗೇಮ್ ಓಡುತ್ತಿತ್ತು, ಅವರು ತಿರುಗಿಯೂ ನೋಡಿರಲಿಲ್ಲ.

ಗೆಳೆಯ ಈಗ ಸಾಗರದಲ್ಲಿದ್ದಾನೆ. ಅವನ ಕ್ಯಾಸೆಟ್ ಇನ್ನೂ ಇದೆಯಂತೆ, ಮೆಷಿನ್ ಇಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಮೆಷಿನ್, ಕ್ಯಾಸೆಟ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಸಾಧ್ಯವಾದರೆ ಒಮ್ಮೆ ಹಾಕಿ, ಮೂವತ್ತು ಲೈಫ್ ತೆಗೆದುಕೊಂಡು ಐದನೇ ಸ್ಟೇಜಿನವರೆಗೆ ಹೋಗಿ. ಹಿಮ ಬೀಳುತ್ತದಾ, ಇಲ್ಲವಾ, ಯಾವ ಊರಿನಲ್ಲಿ ಕೊಂಡದ್ದು, ಇಷ್ಟು ಬರೆಯಿರಿ. ಶಿವಮೊಗ್ಗ ಜಿಲ್ಲೆಯಲ್ಲಿ ಎಲ್ಲೆಲ್ಲಿ ಹಿಮ ಬಿದ್ದಿತ್ತು ಎಂದು ನನಗೆ ನಿಜಕ್ಕೂ ತಿಳಿಯಬೇಕಿದೆ.